ಬೇಲಿಯೊಳಗೆ ಬಂದ ಬೂಟು

ಆ ಬಿಳಿಯ ಮನುಷ್ಯ ಹೋಟೆಲಿನ ಮೇಜಿನ ಮೇಲೆ ಕಾಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದ. ಅದು ನಾವು ಇಡ್ಲಿ ತಟ್ಟೆ ಇಡುವ ಮೇಜು. ಕತ್ತರಿಸಿದ ಉಗುರು ಚಟ್ನಿ ಬಟ್ಟಲಿನ ಪಕ್ಕಕ್ಕೆ ಸಿಡಿಯುತ್ತಿತ್ತು. ಇಷ್ಟು ವರ್ಷಗಳಾದರೂ ಊಟದ ಹೊತ್ತಿನಲ್ಲಿ ಅದು ನೆನಪಾದರೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಿಡುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಎಸ್ಸೆಸ್ಸೆಲ್ಸಿ ಪಾಸಾಗಿ, ಬೇರೆ ಕೆಲಸ ಸಿಗದೆ, ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಬೆಟ್ಟ ಹತ್ತಲೆಂದು ಬೆನ್ನಿಗೆ ಚೀಲ ಕಟ್ಟಿಕೊಂಡು ಆಗಾಗ ವಿದೇಶಿಯರು ಬರುತ್ತಿದ್ದರು. ನನಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿದ್ದುದರಿಂದ ಮಾಲೀಕರು ಅವರ ಮೇಜಿಗೆ ನನ್ನನ್ನೇ ಕಳಿಸುತ್ತಿದ್ದರು.

ಈ ಮನುಷ್ಯನ ಜೊತೆ ಒಬ್ಬ ಹೆಂಗಸಿದ್ದಳು. ಇಬ್ಬರೂ ಬಹಳ ದೇಶ ಸುತ್ತಿದವರು. ಅವನು ಕುಡಿಯುವ ನೀರಿನ ಡ್ರಮ್ಮಿಗೆ ಎಂಜಲು ಲೋಟ ಅದ್ದಿದ. ಬಾಗಿಲಲ್ಲಿ ಸೌತೆಕಾಯಿ ಮಾರುತ್ತಿದ್ದ ಮುದುಕಿಯ ಹತ್ತಿರ ಬಹಳ ಹೊತ್ತು ಚೌಕಾಸಿ ಮಾಡಿ ಕೊಂಡು, ಒಂದು ಕಚ್ಚು ಕಚ್ಚಿ ಮೋರಿಗೆಸೆದ. ಆಮೇಲೆ ನನಗೆ ಬುದ್ಧಿ ಹೇಳಿದ: ಎಲ್ಲಿಗೆ ಹೋದರೂ ಕೇಳುತ್ತ ನಿಲ್ಲಬಾರದು, ಮೊದಲು ಒಳಗೆ ಹೋಗಿಬಿಡಬೇಕು, ಪರದೇಶದವರನ್ನು ಯಾರೂ ಬೈಯುವುದಿಲ್ಲ. ನನಗೆ ಅಸಹ್ಯವಾಗುತ್ತಿತ್ತು. ಆದರೂ ಅವನ ಜೊತೆ ನಕ್ಕೆ. ಉಗುರನ್ನೂ ನಾನೇ ಗುಡಿಸಿದೆ.

ನಿಜವಾದ ಹಳ್ಳಿ ನೋಡಬೇಕು ಎಂದರು. ನಮ್ಮ ಹಟ್ಟಿಗೆ ಬನ್ನಿ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ, ನಾನೇ ಕರೆದೆ.

ಐ.ಡಿ.ಹಳ್ಳಿಯಿಂದಾಚೆ ನಮ್ಮ ಹಟ್ಟಿ. ಕುರಿ ಕಾಯುವ ಜನ ನಾವು. ಸುತ್ತ ಕಾರೆಮುಳ್ಳಿನ ಬೇಲಿ, ಒಂದೇ ಬಾಗಿಲು. ಬೇಲಿಯೊಳಗಿನ ನೆಲವೆಲ್ಲ ದೇವರದು ಎಂದು ನಮ್ಮ ನಂಬಿಕೆ. ಅಲ್ಲಿಗೆ ಚರ್ಮ ಸೋಕಿದರೆ ಮೈಲಿಗೆ, ಅದಕ್ಕೇ ಬಾಗಿಲ ಕಲ್ಲಿನ ಹತ್ತಿರವೇ ಎಲ್ಲರೂ ಚಪ್ಪಲಿ ಬಿಡಬೇಕು. ಶಾನುಭೋಗರು ಬಂದರೂ ಬಿಡುತ್ತಿದ್ದರು. ತಾಯಿಯಿಲ್ಲದ ನನ್ನನ್ನು ಸಾಕಿದ ಅಜ್ಜಿ, ನಾವು ಮೂವರೂ ಹೋದಾಗ, ಆ ಕಲ್ಲಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು.

"ಬಂದ್ಯಾ ಮಗ? ಯಾರ್ಲಾ ಇವ್ರು, ಸುಣ್ಣ ಬಳ್ದಂಗವ್ರೆ?"

"ನಮ್ಮ್ ಹೋಟ್ಲಿಗೆ ಬಂದೋರು ಕಣಜ್ಜಿ. ಹಟ್ಟಿ ನೋಡ್ಬೇಕಂತೆ."

"ನೋಡ್ಲಿ ಬುಡು, ಅದ್ಕೇನಂತೆ. ಕಾಲಾಗಿರೋದು ಬುಟ್ಟು ಬರಾಕೇಳು."

ಅಜ್ಜಿಯ ಕೈಸನ್ನೆ ಆ ಹೆಂಗಸಿಗೆ ಅರ್ಥವಾಯಿತು. ಬೂಟು ಬಿಚ್ಚಬೇಕೇ ಎಂದು ನನ್ನನ್ನು ಕೇಳಿ ಬಗ್ಗಿ ದಾರಕ್ಕೆ ಕೈಹಾಕಿದಳು. ಇಡೀ ದಿನದಲ್ಲಿ ಅವರು ಮರ್ಯಾದೆಯಿಂದ ಕೇಳಿದ ಒಂದೇ ಮಾತು ಅದು. ನಾನು ಹೌದು ಎಂದಿದ್ದರೆ ಸಾಕಿತ್ತು. ಆದರೆ ಅಜ್ಜಿಯ ಹರಕು ಸೀರೆ, ಕುರಿ ಹಿಕ್ಕೆಯ ವಾಸನೆ, ಅದರ ಮೇಲೆ ಈ ಶಾಸ್ತ್ರ ಬೇರೆ ಎಂದು ನನಗೆ ನಾಚಿಕೆಯಾಯಿತು. ಇಂಗ್ಲಿಷಿನಲ್ಲಿ, ಇದೆಲ್ಲ ಓದದ ಜನಕ್ಕೆ, ನೀವು ಹಾಗೇ ಬನ್ನಿ ಎಂದೆ. ಅಜ್ಜಿಯ ಕಡೆ ತಿರುಗಿ ಸುಳ್ಳು ಹೇಳಿದೆ.

"ಅದು ಚರ್ಮದ್ದಲ್ಲ ಅಜ್ಜಿ. ಅವ್ರ ದೇಸದಾಗೆ ಬಟ್ಟೇಲೇ ಮಾಡ್ತಾರೆ. ದೋಸ ಇಲ್ಲ."

"ಇಸ್ಕೂಲ್ ಓದಿರೋನು ನೀನು. ನೀನೇಳಿದ್ಮ್ಯಾಕೆ ಸರಿ" ಎಂದು ಅಜ್ಜಿ ದಾರಿ ಬಿಟ್ಟಳು.

ಹಟ್ಟಿಯ ನಡುವಿನ ಗುಡಿಯ ಮುಂದೆ ದೇವರಿಗೆಂದು ಮಡಿಯಲ್ಲಿ ಹಾಸಿದ್ದ ಕರಿ ಕಂಬಳಿಯಿತ್ತು. ಬೇಡ ಎಂದು ನಾನು ಹೇಳುವ ಮೊದಲೇ ಅವನು ಹೋಗಿ ಅದರ ಮೇಲೆ ಕೂತ. ನಾನು ಹೇಳುತ್ತಿದ್ದೆನೋ ಇಲ್ಲವೋ, ಅದೂ ಈಗ ಖಾತ್ರಿಯಿಲ್ಲ. ಅಜ್ಜಿ ತಂದುಕೊಟ್ಟ ಹಾಲನ್ನು ಮೂಸಿ ನೋಡಿ, ಮೂಗು ಮುರಿದು, ನಾಯಿಯ ಮುಂದೆ ಸುರಿದ. ಆಮೇಲೆ ಕಾಲಿನ ಬೊಬ್ಬೆ ತೋರಿಸಲು ಕಂಬಳಿಯ ಮೇಲೆಯೇ ಬೂಟು ಬಿಚ್ಚಿ ಮಣ್ಣು ಕೊಡವಿದ. ಕಾಲುಚೀಲದ ನಾತಕ್ಕೆ ಮಕ್ಕಳು ಮೂಗು ಮುಚ್ಚಿಕೊಂಡು ಓಡಿದವು.

ಬಟ್ಟೆಯದಲ್ಲವೇ ಎಂಬ ಧೈರ್ಯದಿಂದ ಅಜ್ಜಿ ಆ ಬೂಟನ್ನು ಪಕ್ಕಕ್ಕಿಡಲು ಕೈಗೆತ್ತಿಕೊಂಡಳು. ಹಿಡಿದವಳು ಹಾಗೇ ನಿಂತಳು. ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡಿದಳು. ನನ್ನ ಮುಖ ನೋಡಿದಳು. ಬೂಟನ್ನು ಬೇಲಿಯಾಚೆಗೆ ತೆಗೆದುಕೊಂಡು ಹೋಗಿ, ಎಸೆಯದೆ, ಕಲ್ಲಿನ ಪಕ್ಕ ಮೆಲ್ಲಗಿಟ್ಟು ಕೈ ತೊಳೆದುಕೊಂಡಳು.

ಅವರು ಸಂಜೆಯ ಬಸ್ಸಿಗೆ ಹೋದರು. ಹೋಗುವಾಗ ಅವನು ನನ್ನ ಬೆನ್ನು ತಟ್ಟಿದ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹಿರಿಯರು ಬಂದರು. ಬೂಟಿನ ವಿಷಯ ಮಕ್ಕಳಿಂದ ಕೇಳಿದ ಹಟ್ಟಿಯಜಮಾನ ನನ್ನ ಎದುರಿಗೆ ನಿಂತ.

"ಯಾವನ್ಲಾ ಬೂಟ್ ಒಳೀಕ್ ಬುಟ್ಟೋನು?"

"ನಾನು ಬ್ಯಾಡ ಅಂದೆ ಯಜಮಾನ್ರೆ. ಅವ್ರೇ ನುಗ್ಗಿಬುಟ್ರು."

"ಬಿಳೀ ನನ್ಮಕ್ಳು! ಅವ್ರೂರಾಗೆ ಅಪ್ಪ ಅವ್ವ ಏನೂ ಕಲ್ಸಿಲ್ವೇನ್ಲಾ?"

ಎಲ್ಲರೂ ಅವರನ್ನು ಬೈದರು, ನಾನೂ ದನಿಗೂಡಿಸಿದೆ. ಅಜ್ಜಿ ಅಲ್ಲೇ ಸಗಣಿ ಕಲೆಸುತ್ತ ಕೂತಿದ್ದಳು. ನನ್ನ ಸುಳ್ಳು ಅವಳೊಬ್ಬಳಿಗೇ ಗೊತ್ತಿತ್ತು. ಒಂದು ಮಾತು ಆಡಿದ್ದರೆ ನಾನು ಹಟ್ಟಿಯ ಮುಂದೆ ತಲೆ ಎತ್ತುವಂತಿರಲಿಲ್ಲ. ಅವಳು ಆಡಲಿಲ್ಲ. ಹಟ್ಟಿಯನ್ನೆಲ್ಲ ಸಾರಿಸಿ, ಕಂಬಳಿ ಒಗೆದು ಶುದ್ಧವಾಗುವವರೆಗೆ ಬಾಯಿಗೆ ನೀರೂ ಹಾಕಲಿಲ್ಲ. ನಾನು ಮಾತ್ರ ಹೋಟೆಲಿಗೆ ಹಿಂತಿರುಗಿ ಹೊಟ್ಟೆ ತುಂಬ ತಿಂದೆ.

ಮುಂದೆ ಶಿರಾದಲ್ಲಿ, ಪಾವಗಡದಲ್ಲಿ ಕೆಲಸ ಮಾಡುವಾಗ ಈ ಕಥೆಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗೆಲ್ಲ ಉಗುರು, ಹಾಲು, ಕಾಲುಚೀಲವನ್ನು ಚೆನ್ನಾಗಿ ವರ್ಣಿಸಿ ಜನ ಛೀ ಎನ್ನುವಂತೆ ಮಾಡುತ್ತಿದ್ದೆ. ಬಗ್ಗಿ ದಾರಕ್ಕೆ ಕೈಹಾಕಿದ ಆ ಹೆಂಗಸನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಅವರು ಕೊಳಕರು, ನಿಜ. ಆದರೆ ಆ ನೆಲದ ಬೆಲೆ ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಅಜ್ಜಿ ನನ್ನನ್ನು ಬೈಯಲೇ ಇಲ್ಲ. ಮೊದಲೆಲ್ಲ ನಾನು ಊರಿಗೆ ಬಂದರೆ ಮುಖ ನೋಡಿ ಬಡವಾಗಿದ್ದೀಯಲ್ಲ ಎನ್ನುತ್ತಿದ್ದಳು. ಅಂದಿನಿಂದ ಮೊದಲು ನನ್ನ ಕಾಲು ನೋಡುತ್ತಿದ್ದಳು. ಎಂಬತ್ತರ ದಶಕದಲ್ಲಿ ಅವಳಿಗೆ ಕಣ್ಣು ಹೋಯಿತು. ಕೊನೆಯ ಸಲ ನಾನು ಹೋದಾಗಲೂ ಆ ಕಲ್ಲಿನ ಮೇಲೆಯೇ ಕೂತಿದ್ದಳು. ದನಿಯಿಂದ ಗುರುತು ಹಿಡಿದಳು.

"ಬರಿಗಾಲೇನ್ಲಾ?"

"ಬರಿಗಾಲೇ ಅಜ್ಜಿ."

"ಹೂಂ, ಬಾ ಮಗ" ಎಂದಳು. ಎಂದವಳೇ ಬಗ್ಗಿ ನನ್ನ ಎರಡೂ ಪಾದಗಳನ್ನು ಮುಟ್ಟಿ ನೋಡಿದಳು.