ಹುಣಸೆಹಣ್ಣು ಹಚ್ಚಿ ತೊಳೆದ ಗೋಡೆ ಫಲಕಗಳು

ಮಕ್ಕಳೇ, ಮನೆಯವರ ಗ್ರೂಪಿಗೆ ಹಳೇ ಬಂಗಲೆಯ ಗೋಡೆ ಫಲಕದ ಫೋಟೋ ಹಾಕಿ, ಎಷ್ಟು ಬೆಲೆ ಬಾಳಬಹುದು ಅಂತ ಕೇಳಿದ್ದೀರಿ. ನೋಡಿದ ಕೂಡಲೇ ನನ್ನ ಮೂಗಿಗೆ ಹುಣಸೆಹಣ್ಣಿನ ವಾಸನೆ ಬಡಿಯಿತು.

ನಮ್ಮನೆಯಲ್ಲೂ ಅಂಥ ಒಂದು ಜೋಡಿ ಇತ್ತು. ವನಗೂರಿನ ಎಸ್ಟೇಟ್ ಬಿಟ್ಟು ಹೋಗುವಾಗ ಇಂಗ್ಲಿಷ್ ದೊರೆಗಳು ಅಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಕೊಟ್ಟಿದ್ದು. ತಟ್ಟೆಯಗಲದ ಬಿಳಿ ಗಾರೆಯ ಬಿಲ್ಲೆ, ಅದರಲ್ಲಿ ನೆರಿಗೆಬಟ್ಟೆ ಉಟ್ಟು ಹೂಜಿ ಹಿಡಿದ ಹೆಂಗಸಿನ ಉಬ್ಬುಚಿತ್ರ. ಒಲೆಯ ಹೊಗೆಗೆ ಎರಡೂ ಕಪ್ಪಾಗಿದ್ದವು. ಅಪ್ಪ ತೀರಿದ ಮೇಲೆ ತಂಗಿ ಸರೋಜ ಬಿದ್ದು ಕಾಲು ಮುರಿದುಕೊಂಡಳು. ಹಾಸನದಲ್ಲಿ ಆಪರೇಷನ್ ಮಾಡಿಸಬೇಕಿತ್ತು. ಅಮ್ಮನಿಗೆ ಮಾರಲು ಉಳಿದದ್ದು ಅವೆರಡೇ. ಒಳ್ಳೆ ಬೆಲೆ ಬರಲಿ ಅಂತ ಒಂದನ್ನು ಹಬ್ಬದ ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ನನ್ನನ್ನೂ ಕರಕೊಂಡು ಸಕಲೇಶಪುರಕ್ಕೆ ಹೋದಳು.

ಹಳೇ ಸಾಮಾನಿನ ಅಂಗಡಿಯ ಸಾಬರು ಅದನ್ನು ಬೆಳಕಿಗೆ ಹಿಡಿದರು. "ಏನ್ ಕೆಲ್ಸ ಮಾಡ್ಬುಟ್ಟೆ ತಾಯಿ! ಕಣ್ಣು ಮೂಗು ಎಲ್ಲಾ ಸವೆದೋಗೈತೆ. ಕೊಳೆ ಸಮೇತ ತಂದಿದ್ರೆ ಕೇಳಿದಷ್ಟು ಕೊಡ್ತಿದ್ದೆ."

"ಮನೇಲಿ ಇನ್ನೊಂದೈತೆ ಸಾಬ್ರೇ!"

"ಅದನ್ನ ಇದ್ದಂಗೇ ತಗೊಂಬಾ, ಓಡು."

ಅಮ್ಮನ ಮುಖ ಬಿಳಿಚಿಕೊಂಡಿತು. ಅದನ್ನೂ ತೊಳೆದಿಡಿ ಅಂತ ಅಜ್ಜಿಗೆ ಹೇಳಿಯೇ ಬಂದಿದ್ದಳು. ಬಸ್ಸಿನುದ್ದಕ್ಕೂ ನನ್ನ ಕೈ ಬಿಗಿಯಾಗಿ ಹಿಡಿದು, "ಅತ್ತೆ ಮಲಗಿ ನಿದ್ದೆ ಮಾಡಿರ್ಲಪ್ಪಾ ದೇವ್ರೇ" ಅನ್ನುತ್ತಲೇ ಇದ್ದಳು.

ಹಿತ್ತಲಲ್ಲಿ ಕೂತಿದ್ದ ಅಜ್ಜಿ ನಗುತ್ತಾ ಎತ್ತಿ ತೋರಿಸಿತು. "ನಿಂದ್ಕಿಂತ ಬೆಳ್ಳಗ್ ಮಾಡಿವ್ನಿ ನೋಡೇ!"

ಅಮ್ಮ ಬಯ್ಯಲಿಲ್ಲ. ಅಜ್ಜಿಯ ಪಕ್ಕ ಕುಕ್ಕರಿಸಿ, ಮುಖವಿದ್ದ ಜಾಗವನ್ನು ಬೆರಳಲ್ಲಿ ಹುಡುಕುತ್ತಾ ಅತ್ತಳು.

ಬೆಲೆ ನನಗೆ ಗೊತ್ತಿಲ್ಲ ಕಣ್ರೋ. ತಿಳಿದವರಿಗೆ ತೋರಿಸುವ ತನಕ ಒದ್ದೆ ಬಟ್ಟೆಯನ್ನೂ ಸೋಕಿಸಬೇಡಿ. ನಿಮ್ಮ ಸರೋಜತ್ತೆ ಇವತ್ತಿಗೂ ಗೋಡೆ ಹಿಡಿದೇ ನಡೆಯುತ್ತಾಳೆ.