ತಮ್ಮ ಬರುವವರೆಗೆ ನನಗೂ ಬೇಡ

ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರೂ ಎಲ್ಲರಿಗೂ ಸಹೋದರ, ಸಹೋದರಿ. ಭಾನುವಾರ ಹಾಗೆ ಬಾಯಿ ತುಂಬ ಕರೆದು, ಸೋಮವಾರ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವವರೂ ಇದ್ದಾರೆ. ಯಾರೆಂದು ನಾನು ಹೇಳುವುದಿಲ್ಲ, ಅವರಿಗೇ ಗೊತ್ತು. ಆ ಮಾತನ್ನು ನಿಜವೆಂದು ಹಿಡಿದು ಬದುಕಿದವಳು ನಾನು ಕಂಡಂತೆ ಒಬ್ಬಳೇ, ಬಸ್ ನಿಲ್ದಾಣದ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿರುವ ಅಕ್ಕ.

ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚು ಎಂದವರ ಎದುರೇ ಅವಳು ಶಟರ್ ಎತ್ತಿದಳು. "ಹೆಂಗಸರ ಕೈಲಿ ಇದೆಲ್ಲ ಆಗುತ್ತಾ?" ಎಂದ ಲಾರಿ ಡ್ರೈವರಿಗೆ, "ಆಗಲ್ಲಪ್ಪ, ನೀನೇ ಬಿಚ್ಕೋ" ಎಂದು ಸ್ಪ್ಯಾನರ್ ಕೊಟ್ಟು ಸ್ಟೂಲಿನ ಮೇಲೆ ಕೂತಳು. ಅವನು ಬೆವರು ಸುರಿಸಿ, ಕೊನೆಗೆ ಕೈಮುಗಿದ. ಆಮೇಲೆಯೇ ಅವಳು ಎದ್ದು ಚಕ್ರ ಕಳಚಿ, ಟ್ಯೂಬನ್ನು ನೀರಲ್ಲಿ ಮುಳುಗಿಸಿದ್ದು.

ನಮ್ಮಲ್ಲಿ ಹೊಸಬರನ್ನು ನೀರಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ದಿನ ಒಂದು ರೂಢಿಯಿದೆ. ನೀರಿನಿಂದ ಮೇಲೆ ಬಂದವರನ್ನು ತೋರಿಸಿ ಪಾಸ್ಟರ್, "ಇವರಿಗೆ ಇಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಾರೆ. ತಾಯಿಯೋ ಹೆಂಡತಿಯೋ ಟವಲು ಹಿಡಿದು ಮುಂದೆ ಬರುತ್ತಾರೆ. ಗೋಡೆಗಳಿಗೆ ಬಣ್ಣ ಬಳಿಯುವ ಪೇಂಟರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನು ಚಳಿಗೆ ನಡುಗುತ್ತ ನಿಂತಿದ್ದಾಗ ಅಕ್ಕ ಯಾರದೋ ಟವಲು ಕಿತ್ತುಕೊಂಡು ಹೋಗಿ ಅವನ ತಲೆ ಒರೆಸಿ, "ನಾನಿದ್ದೀನಿ. ಇವನು ನನ್ನ ತಮ್ಮ" ಎಂದಳು.

ಆ ತಮ್ಮ ಮುಂದೆ ಮಾಡಿದ ಘನಂದಾರಿ ಕೆಲಸವೇನು ಗೊತ್ತೇ? ಕುಡಿತಕ್ಕೆ ಬಿದ್ದು, ಸಭೆಯ ಮೈಕನ್ನೂ ಸ್ಪೀಕರುಗಳನ್ನೂ ಕದ್ದು ಮಾರಿದ. ಹಳೆಯ ಕಳ್ಳತನಗಳೂ ಹೊರಬಿದ್ದು ಜೈಲಾಯಿತು. ಹಿರಿಯರ ಸಮಿತಿ ಅವನನ್ನು ಸಭೆಯಿಂದ ಹೊರಗೆ ಹಾಕಿತು. ನನಗೂ ಸಿಟ್ಟೇ ಬಂದಿತ್ತು. ಹಾಡುವ ತಂಡದವಳು ನಾನು, ಮೈಕಿಲ್ಲದೆ ಗಂಟಲು ಹರಿದುಕೊಂಡವಳು.

ಮುಂದಿನ ಪ್ರಭುಭೋಜನದ ಭಾನುವಾರ ಎಲ್ಲರೂ ಯೇಸುವಿನ ನೆನಪಿನ ರೊಟ್ಟಿ ತೆಗೆದುಕೊಳ್ಳಲು ಎದ್ದರು. ಅಕ್ಕ ಏಳಲಿಲ್ಲ. ಸಮಿತಿಯ ಮುಖ್ಯಸ್ಥರಾದ ಬಟ್ಟೆ ಅಂಗಡಿಯ ದೊಡ್ಡ ಹಿರಿಯರು ಬಗ್ಗಿ, "ಯಾಕಮ್ಮ, ಹುಷಾರಿಲ್ವಾ?" ಎಂದರು.

"ಹುಷಾರಾಗೇ ಇದ್ದೀನಿ. ತಮ್ಮನ್ನ ಹೊರಗೆ ಹಾಕಿ ಅಕ್ಕನ್ನ ಊಟಕ್ಕೆ ಕರೀತೀರಲ್ಲ? ಅವನು ಬರೋವರೆಗೆ ನನಗೂ ಬೇಡ."

"ಇದು ಹಠ ಆಗಲ್ವೇನಮ್ಮ?"

"ಹೌದು, ಹಠಾನೇ."

ವರ್ಷಗಳು ಕಳೆದರೂ ಆ ಹಠ ಸಡಿಲಲಿಲ್ಲ. ಅವಳಿಗೇನೂ ಅದು ಸುಲಭವಾಗಿರಲಿಲ್ಲ. ಅವಳನ್ನು ಬಿಟ್ಟು ನಾವೆಲ್ಲ ಮುಂದೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿದ್ದಳು. ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ ಜೈಲಿಗೆ ಹೋಗುತ್ತಿದ್ದಳು. "ಸ್ವಂತ ತಮ್ಮನಾ?" ಎಂದ ಗೇಟಿನವನಿಗೆ, "ಬಾಡಿಗೆಗೆ ಸಿಗ್ತಾರಾ ನಿಮ್ಮಲ್ಲಿ?" ಎಂದು ಕೇಳಿದ್ದಳಂತೆ. ತನ್ನ ಹಠದ ಸುದ್ದಿಯನ್ನು ಮಾತ್ರ ತಮ್ಮನ ಕಿವಿಗೆ ಹಾಕಲಿಲ್ಲ, ನೊಂದುಕೊಳ್ಳುತ್ತಾನೆಂದು.

ಅವನು ಬಿಡುಗಡೆಯಾಗಿ ಬಂದ ಭಾನುವಾರ ಪ್ರಭುಭೋಜನವಿತ್ತು. ದೊಡ್ಡ ಹಿರಿಯರು ಬಾಗಿಲಲ್ಲೇ ತಡೆದರು. "ಬಂದು ಕೂರಲಿ, ಬೇಡ ಅನ್ನಲ್ಲ. ಆದರೆ ಭೋಜನಕ್ಕೆ ಕೈಯೊಡ್ಡೋದು ಬೇಡ. ಸ್ವಲ್ಪ ಕಾಲ ನೋಡೋಣ." ಪಕ್ಕದಲ್ಲಿದ್ದ ಪಾಸ್ಟರ್ ಬೈಬಲ್ಲಿನ ಹಾಳೆ ತಿರುವುತ್ತ ನಿಂತರು.

"ಬಿಡಕ್ಕ, ನೀನು ಹೋಗಿ ತಗೋ" ಎಂದ ಪೇಂಟರ್.

ನನಗೆ ತಡೆಯಲಾಗಲಿಲ್ಲ. "ನೀನು ಒಳಗೆ ಹೋದಾಗಿಂದ ಅವಳು ಮುಟ್ಟೇ ಇಲ್ಲ ಕಣೋ" ಎಂದೆ.

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ ಅಕ್ಕಾ! ನಾನು ಅಲ್ಲಿ ತಗೋತಿದ್ನಲ್ಲ! ಜೈಲಿಗೆ ಒಬ್ಬರು ಪಾಸ್ಟರ್ ಬರ್ತಿದ್ರು. ಮಾಡಿದ್ದೆಲ್ಲ ಒಪ್ಕೊಂಡು ಅತ್ತೆ. ಎಲ್ಲರ ಜೊತೆ ಕೂರಿಸಿ ಕೊಟ್ರು."

ಅಕ್ಕ ಅವನ ಬೆನ್ನಿಗೆ ಗುದ್ದಿದಳು. "ನೀನಲ್ಲಿ ಉಂಡ್ಕೊಂಡಿದ್ಯಾ? ನಾನಿಲ್ಲಿ ಉಪವಾಸ! ಒಂದು ಮಾತು ಹೇಳೋಕೆ ಏನಾಗಿತ್ತು ದಾಡಿ?"

"ನೀನು ಹೇಳಿದ್ಯಾ?"

ಅವಳು ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹಿರಿಯರತ್ತ ತಿರುಗಿದಳು. "ಕೇಳಿಸ್ತಾ? ಜೈಲಲ್ಲಿ ಬಡಿಸಿದ್ದಾರೆ. ಮನೆಯವರು ನೀವು ಬಾಗಿಲಲ್ಲಿ ನಿಂತು ನೋಡೋಣ ಅಂತೀರಿ."

ಅವಳು ತಮ್ಮನ ಕೈ ಹಿಡಿದು ಒಳಗೆ ನಡೆದಳು. ಹೊತ್ತು ಬಂದಾಗ ಎಲ್ಲರಿಗಿಂತ ಮೊದಲು ಅವನೊಂದಿಗೆ ಮೇಜಿನ ಮುಂದೆ ನಿಂತಳು. ಪಾಸ್ಟರ್ ಒಮ್ಮೆ ಹಿರಿಯರ ಮುಖ ನೋಡಿದರು, ಒಮ್ಮೆ ಅಕ್ಕನ ಮುಖ ನೋಡಿದರು, ತಟ್ಟೆಯನ್ನು ಪೇಂಟರನ ಮುಂದೆ ಹಿಡಿದರು. ಅವನು ತೆಗೆದುಕೊಂಡ ತುಂಡನ್ನು ಮುರಿದು ಅರ್ಧ ಅಕ್ಕನ ಅಂಗೈಗಿಟ್ಟ.

ದೊಡ್ಡ ಹಿರಿಯರು ತಮ್ಮ ಬೆಂಚಿನಲ್ಲಿ ಬಿಗಿದುಕೊಂಡು ಕೂತೇ ಇದ್ದರು. ಅಕ್ಕ ರೊಟ್ಟಿಯನ್ನು ನುಂಗಿ, ನೇರ ಅವರ ಬಳಿ ಹೋಗಿ ಕೈ ಚಾಚಿದಳು.

"ಏಳಿ ಅಣ್ಣ. ನೀವು ಬರದೆ ನಮ್ಮ ಊಟ ಮುಗಿಯಲ್ಲ."