ಗಿರಿಜಕ್ಕನ ಬಿಳಿ ಅಂಗಿ

ಮೊನ್ನೆ ಮಗಳಿಗೆ ಕರಾಟೆ ಉಡುಪು ಕೊಳ್ಳಲು ಮಸ್ಕಿಯಿಂದ ಸಿಂಧನೂರಿಗೆ ಹೋಗಿದ್ದೆ. ಅಂಗಡಿಯವನು ಪೊಟ್ಟಣ ಬಿಚ್ಚಿದ್ದೇ ತಡ, ದಪ್ಪ ಹತ್ತಿಬಟ್ಟೆಯ ಗಂಜಿವಾಸನೆ ಮೂಗಿಗೆ ಬಡಿಯಿತು. ಅವನೇನೋ ಅಳತೆ ಕೇಳುತ್ತಿದ್ದ. ನಾನು ಆಗಲೇ ಗಿರಿಜಕ್ಕನ ಹತ್ತಿರ ಹೋಗಿಬಿಟ್ಟಿದ್ದೆ.

ಗಿರಿಜಕ್ಕ ನಮಗೆ ಕರಾಟೆ ಕಲಿಸಿದವಳು. ಇದೇ ಸಿಂಧನೂರಲ್ಲಿ, ತನ್ನ ಸೋದರಮಾವನ ರೈಸ್‌ಮಿಲ್ಲಿನ ಅಂಗಳದಲ್ಲಿ, ಭತ್ತ ಹರವದ ದಿನಗಳಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ನಾನು ಬಳಗಾನೂರಿನಿಂದ ಬಸ್ಸಿಗೆ ಬರುತ್ತಿದ್ದೆ. ಬೆಳೆಯುವ ಹುಡುಗಿ ಎಂದು ಅವ್ವ ದೊಡ್ಡ ಅಳತೆಯ ಉಡುಪನ್ನೇ ಕೊಡಿಸಿದ್ದಳು. ನೀವು ನಗಬಾರದು, ನಾನು ಯಾರನ್ನಾದರೂ ಒದೆಯುವ ಮೊದಲೇ ನನ್ನ ಪ್ಯಾಂಟು ನನ್ನನ್ನು ಕೆಡವುತ್ತಿತ್ತು.

ನಮ್ಮ ಅಜ್ಜಿಗೆ ಆ ಉಡುಪಿನ ಬಣ್ಣವೇ ಸೇರದು. ಮದುವೆಯಾಗದ ಹುಡುಗಿ ಮೈತುಂಬ ಬಿಳಿ ಉಡುವುದೇ ಎಂದು ಗೊಣಗುತ್ತಿದ್ದಳು. ಅದನ್ನು ನಾನು ಹೇಳಿದಾಗ ಗಿರಿಜಕ್ಕ ನಕ್ಕಳು. ಕಾಲುವೆ ಕೆಳಗೆ ಗದ್ದೆಯಿದ್ದವರ ಮಗಳನ್ನೂ, ಅದೇ ಗದ್ದೆಗೆ ನಾಟಿ ಹಚ್ಚಲು ಹೋಗುವವಳ ಮಗಳನ್ನೂ ಅಕ್ಕಪಕ್ಕ ನಿಲ್ಲಿಸಿದಳು. "ಈಗ ಹೇಳು, ಯಾರ ಮನಿ ದೊಡ್ಡದು? ಗೊತ್ತಾಗಬಾರ್ದಂತನ ಬಿಳಿ." ಜಪಾನಿನವರು ಹಾಗೆಂದುಕೊಂಡಿದ್ದರೋ ಇಲ್ಲವೋ, ನಮಗೆ ಅದೇ ಅರ್ಥ ಉಳಿಯಿತು.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಅವಳ ಕಿಡ್ನಿ ಕೆಟ್ಟವು. ಅವಳು ತೀರಿಕೊಂಡ ಬೆಳಗ್ಗೆ ನಾವೆಲ್ಲ ಹೋದೆವು. ಸೀರೆಯನ್ನೇ ಉಡಿಸಬೇಕೆಂದು ಸೋದರಮಾವ ಪಟ್ಟು ಹಿಡಿದಿದ್ದರು. ಗಿರಿಜಕ್ಕನ ಅವ್ವ ಒಳಗೆ ಹೋಗಿ ಆ ಬಿಳಿ ಅಂಗಿ ತಂದು ನನ್ನ ಕೈಗಿಟ್ಟರು.

ತೊಡಿಸುವಾಗ ನನ್ನ ಕೈ ನಿಂತಿತು. ಜಪಾನಿನಲ್ಲಿ ಬದುಕಿರುವವರು ಅಂಗಿಯ ಎಡ ಮಗ್ಗುಲನ್ನು ಬಲದ ಮೇಲೆ ತಂದು ಕಟ್ಟುತ್ತಾರೆ. ಬಲ ಮಗ್ಗುಲು ಮೇಲೆ ಬರುವುದು ಹೆಣಕ್ಕೆ ಮಾತ್ರ. ಗಿರಿಜಕ್ಕನೇ ಹೇಳಿಕೊಟ್ಟದ್ದು. ಅದನ್ನು ಮೆಲ್ಲಗೆ ಆ ತಾಯಿಗೆ ತಿಳಿಸಿ, ಹೇಗೆ ಕಟ್ಟಲಿ ಎಂದು ಕೇಳಿದೆ.

ಅವರು ಮಗಳ ಮುಖ ನೋಡುತ್ತ ಕೂತರು.

"ದಿನಾ ಹೆಂಗ ಕಟ್ಕೋತಿದ್ಲೋ ಹಂಗ ಕಟ್ಟವಾ," ಅಂದರು. "ಸತ್ತಾಳಂತ ಊರಿಗೆಲ್ಲ ಗೊತ್ತೈತಿ. ಅಂಗಿಗ್ಯಾಕ ಹೇಳಬೇಕು?"

ಎಡ ಮಗ್ಗುಲನ್ನು ಮೇಲೆ ತಂದು ಕಟ್ಟಿದೆ. ಕರಿ ಬೆಲ್ಟಿನ ಗಂಟು ಅವಳು ಹಾಕುತ್ತಿದ್ದಷ್ಟು ಬಿಗಿ ಬರಲಿಲ್ಲ. ಸೋದರಮಾವನೇ ಬಂದು ಹಣೆಗೆ ವಿಭೂತಿ ಹಚ್ಚಿದರು; ಮತ್ತೆ ಸೀರೆಯ ಮಾತೆತ್ತಲಿಲ್ಲ.

ಆಮೇಲೆ ಆ ಅಂಗಳದಲ್ಲಿ ಭತ್ತವನ್ನಷ್ಟೇ ಹರವಿದರು. ನಾನು ಮದುವೆಯಾಗಿ ಮಸ್ಕಿಗೆ ಬಂದೆ. ಆದರೂ ಸಿಂಧನೂರಿನ ಬಸ್ಸು ಇಳಿದಾಗಲೆಲ್ಲ ಅವಳ ದನಿಗಾಗಿ ಕಿವಿ ಕಾಯುತ್ತದೆ.

ಅಂಗಡಿಯವನು ಮಗಳ ಉಡುಪನ್ನು ಚೀಲಕ್ಕೆ ಹಾಕಿ, ಮತ್ತೇನಾದರೂ ಬೇಕೇ ಎಂದ. ಇನ್ನೊಂದು ಬೇಕು ಎಂದೆ. ಯಾರಿಗೆಂದು ಕೇಳಿದ.

"ನನಗರೀ."

ಅವನು ನಗದೆ ಟೇಪು ತರಲು ಒಳಗೆ ಹೋದ. ನಾನು ಕನ್ನಡಿಯ ಮುಂದೆ ಸೀರೆಯ ನೆರಿಗೆ ತುಸು ಎತ್ತಿ ಹಿಡಿದು, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ ನಿಂತು ನೋಡಿದೆ.